‘ಆತ್ರೀ’ ಎಂಬ ಒಂದು ಮಾತು

ಗದಗ, ಫೆಬ್ರವರಿ ಮೂವತ್ತು, ೨೨೧೪

ಹಿಂದಿನ ಕಾಲದ ಗುರುಗಳಿಗೆ ನಮಸ್ಕಾರ.

ತಾರೀಖು ನೋಡಿ ನಗಬೇಡಿ, ನಮ್ಮ ಕ್ಯಾಲೆಂಡರಿನಲ್ಲಿ ಅದಿದೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ನೀಲಗಂಗಾ ಹೂಗಾರ. ಹೊರದೇಶಕ್ಕೆ ಕೆಲಸ ಕಲಿಯಲು ಹೋಗುವ ಮಕ್ಕಳನ್ನು ತಯಾರು ಮಾಡುವ ಶಿಕ್ಷಕಿ. ಕೂತಲ್ಲಿ ಕೂರಲಾಗದೆ ನಿಂತೇ ಬರೆಯುತ್ತಿದ್ದೇನೆ.

ಇಲ್ಲಿ ಎಲ್ಲರ ಕಿವಿಯಲ್ಲೂ ನುಡಿಗುಂಡಿ ಇರುತ್ತದೆ. ನಾವು ಕನ್ನಡದಲ್ಲಿ ಆಡಿದ್ದನ್ನು ಅದು ಎದುರಿನವರಿಗೆ ಅವರ ಭಾಷೆಯಲ್ಲಿ ಹೇಳುತ್ತದೆ. ಹಾಗಾಗಿ ಮಾತಿನ ಚಿಂತೆಯೇ ಬೇಡವೆಂದು ನಮ್ಮ ಸಂಸ್ಥೆಯ ದೊಡ್ಡವರು ಆರಾಮಾಗಿದ್ದಾರೆ. ನಾವು ಕಲಿಸುವುದು ರೀತಿ ರಿವಾಜು. ಉತ್ತರದ ತೇಲುಬಂದರುಗಳಲ್ಲಿ ಮೇಲಧಿಕಾರಿಯನ್ನು ಹೆಸರು ಹಿಡಿದೇ ಕರೆಯಬೇಕು. ಊಟಕ್ಕೆ ಕರೆದಾಗ ಬೇಡ ಬೇಡ ಎನ್ನುತ್ತ ಎರಡನೇ ಸಲ ಕರೆಯಲೆಂದು ಕಾಯಬಾರದು. ಅವರು ಕರೆಯುವುದಿಲ್ಲ, ಪುಣ್ಯಾತ್ಮರು, ನಾವು ಉಪವಾಸ ಬೀಳುತ್ತೇವೆ.

ನನ್ನ ವಿದ್ಯಾರ್ಥಿನಿ ಸಾವಂತ್ರಿ ಕಮ್ಮಾರ ಅಂಥದ್ದೊಂದು ಬಂದರಿನಲ್ಲಿ ಹಡಗು ರಿಪೇರಿ ಕಲಿಯುತ್ತಿದ್ದಾಳೆ. ಹೋದ ವಾರ ಅಲ್ಲಿನ ಮೇಲ್ವಿಚಾರಕಿ ಇಂಗಾ, ಕೆಳಗಿನ ಬಾಗಿಲು ಮುಚ್ಚು, ಆಮೇಲೆ ಹಡಗು ನಿಲ್ಲಿಸುವ ತೊಟ್ಟಿಗೆ ನೀರು ಬಿಡುತ್ತೇನೆ ಎಂದಳು. ಸಾವಂತ್ರಿ ನಮ್ಮೆಲ್ಲರಂತೆ ‘ಆತ್ರೀ’ ಎಂದು ಮೆಟ್ಟಿಲು ಇಳಿಯತೊಡಗಿದಳು. ನುಡಿಗುಂಡಿ ಅದನ್ನು ‘ಮುಗಿದಿದೆ’ ಎಂದು ಹೇಳಿತು. ಇಂಗಾ ನೀರು ಬಿಟ್ಟಳು. ತೆರೆದೇ ಇದ್ದ ಬಾಗಿಲಿನಾಚೆ ಕೆಲಸ ಮಾಡುತ್ತಿದ್ದವನನ್ನು ಕುತ್ತಿಗೆಮಟ್ಟದ ನೀರಿನಿಂದ ಮೇಲೆಳೆದುಕೊಂಡರು. ಜೀವ ಉಳಿಯಿತು, ಕೈ ಮುರಿಯಿತು.

ಈಗ ಬಂದರಿನವರು ಸಾವಂತ್ರಿ ಸುಳ್ಳು ಹೇಳಿದಳು ಎನ್ನುತ್ತಿದ್ದಾರೆ. ಅದೇ ಸಾಬೀತಾದರೆ ಅವಳಿಗೆ ಇನ್ನು ಯಾವ ಬಂದರಿನ ಬಾಗಿಲೂ ತೆರೆಯುವುದಿಲ್ಲ. ಆ ಹುಡುಗಿ ಸುಳ್ಳು ಹೇಳುವವಳಲ್ಲ. ‘ಆತ್ರೀ’ ಎಂದರೆ ಕೆಲಸ ಆಗಿದೆ ಎಂದೂ ಹೌದು, ನಿಮ್ಮ ಮಾತು ಕೇಳಿಸಿತು, ಮಾಡುತ್ತೇನೆ ಎಂದೂ ಹೌದು. ಗದಗದ ಹಸುಗೂಸಿಗೂ ಗೊತ್ತಿರುವ ಇದನ್ನು ಆ ಸುಡುಗಾಡು ಗುಂಡಿಗೆ ಯಾರು ಹೇಳಬೇಕು?

ಬರಿ ‘ಆತ್ರೀ’ ಅನ್ನಬೇಡ, ಇನ್ನೂ ಆಗಿಲ್ಲ, ಆದಮೇಲೆ ಹೇಳುತ್ತೇನೆ ಅನ್ನು ಎಂದು ಇವತ್ತು ಕರೆ ಮಾಡಿ ಅವಳಿಗೆ ತಿಳಿಸಿದೆ. ಅದಕ್ಕೆ ಅವಳು ಹೇಳಿದಳು: “ದೊಡ್ಡವರು ಹೇಳಿದ ಕೂಡಲೆ ‘ಇನ್ನೂ ಆಗಿಲ್ಲ’ ಅಂದ್ರ ಎದುರು ಮಾತಾಡಿದಂಗ ಆಗತೈತ್ರೀ ಮೇಡಂ. ಸಣ್ಣಾಕಿ ಇದ್ದಾಗಿಂದ ಅದಕ್ಕ ಬೈಸ್ಕೊಂಡೇನಿ.”

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ತರಗತಿಯಲ್ಲಿ ಯಾವುದಾದರೂ ಮಗು ಎದ್ದು ನಿಂತು ‘ಇನ್ನೂ ಆಗಿಲ್ರೀ’ ಎಂದರೆ ದಯವಿಟ್ಟು ಹುಬ್ಬು ಗಂಟಿಕ್ಕಬೇಡಿ. ನನ್ನ ಕೈಗೆ ಮಕ್ಕಳು ಸಿಗುವುದು ಎರಡೇ ತಿಂಗಳು, ಅಷ್ಟರಲ್ಲಿ ನಾಲಿಗೆ ತಿರುಗುವುದಿಲ್ಲ. ನಿಮ್ಮ ಮುಂದೆ ಹತ್ತಿರ ಹತ್ತಿರ ಇನ್ನೂರು ವರ್ಷ ಇದೆ. ಆದರೂ ಇವತ್ತೇ ಶುರು ಮಾಡಿ. ಸಾವಂತ್ರಿಯ ವಿಚಾರಣೆ ನಾಳೆ ಬೆಳಗ್ಗೆ.