ನಾಲ್ಕನೆಯ ಪಿನ್ನು

ಗುರುವಾರ, ಹದಿನಾಲ್ಕನೆಯ ತಾರೀಖು
ಅಡುಗೆಮನೆಯ ಮೇಜಿನಿಂದ, ಬೆಳಿಗ್ಗೆ

ಕೂಸೇ,

ಅಪ್ಪನ ಕೈಬರಹ ಕಂಡು ಗಾಬರಿಯಾಗಬೇಡ. ಚೆನ್ನಾಗಿದ್ದೇನೆ. ಎಡಮಂಡಿ ಮಾತ್ರ ಎಂದಿನಂತೆ ಹವಾಮಾನ ವರದಿ ಕೊಡುತ್ತಿದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಏನು ಹೇಳಹೊರಟರೂ ಊಟವಾಯಿತಾ, ಅಲ್ಲಿ ಚಳಿ ಇದೆಯಾ ಎಂಬಲ್ಲಿಗೆ ಬಂದು ನಿಂತುಬಿಡುತ್ತೇನೆ, ನಿನಗೇ ಗೊತ್ತು. ಈ ಮಾತು ಹಾಗೆ ನಿಲ್ಲುವಂಥದ್ದಲ್ಲ. ಸೋಮವಾರ ನೀನು ಆಫೀಸಿಗೆ ಆ ಅರ್ಜಿ ಕೊಡುವ ಮೊದಲು ಇದು ನಿನ್ನ ಕೈಸೇರಬೇಕು. ನಾಳೆ ಒಂದು ಕಡೆ ಹೋಗಿಬರುವುದಿದೆ. ಬಂದವನೇ ಕೊರಿಯರ್‌ಗೆ ಹಾಕುತ್ತೇನೆ.

ಮಂಗಳವಾರ ನೀನು ಫೋನಿನಲ್ಲಿ ಹೇಳಿದ್ದನ್ನೆಲ್ಲ ನಾನು ಅಕ್ಷರಕ್ಷರ ನೆನಪಿಟ್ಟುಕೊಂಡಿದ್ದೇನೆ. ಹನ್ನೆರಡು ನಿಮಿಷ ತಡವಾಗಿತ್ತು, ತೊಡೆಯ ಮೇಲೆ ತೂಕದ ಲೆಕ್ಕದ ಹಾಳೆ ಇತ್ತು, ಕೆಳಗೆ ನಿಂತ ಮೆಕ್ಯಾನಿಕ್ ಕೈಯೆತ್ತಿ ಚಕ್ರದ ಪಿನ್ನುಗಳ ಕೆಂಪು ರಿಬ್ಬನ್ ತೋರಿಸಿದ, ನೀನು ಅರೆಗಣ್ಣಿನಲ್ಲಿ ನೋಡಿ ಹೆಬ್ಬೆರಳೆತ್ತಿದೆ. ಅವನು ತೋರಿಸಿದ್ದು ಎರಡು. ಮೂರನೆಯ ಪಿನ್ನು ಚಕ್ರದಲ್ಲೇ ಉಳಿದಿತ್ತು. ವಿಮಾನ ಮೇಲೇರಿದ ಮೇಲೆ ಮುಂದಿನ ಚಕ್ರ ಮಡಚಿಕೊಳ್ಳಲಿಲ್ಲ. ಒಂದು ಗಂಟೆ ಸುತ್ತಿ, ಇಂಧನ ಕರಗಿಸಿ, ಎಪ್ಪತ್ತೊಂದು ಜನರನ್ನು ಹೊರಟಲ್ಲಿಗೇ ತಂದಿಳಿಸಿದೆ. ಯಾರಿಗೂ ಏನೂ ಆಗಲಿಲ್ಲ. ಅದೇ ಸಂಜೆ ನೀನಾಗಿ ವರದಿ ಬರೆದೆ: ನಾನು ಎಣಿಸಲಿಲ್ಲ, ತಪ್ಪು ನನ್ನದು.

ಆಮೇಲೆ ನೀನು ಹೇಳಿದ್ದು ಇನ್ನೊಂದು. "ಬೇರೆಯವರು ಬೈದದ್ದು ಬಿಡಪ್ಪ. ಆ ಇಂಟರ್ನೆಟ್ ಚಾವಡಿಯಲ್ಲಿ ಎಲ್ಲರಿಗೂ ಬಾಯಿ ದೊಡ್ಡದು. ಆದ್ರೆ 'ಹಳೆಯ ರೆಕ್ಕೆ' ಅಂತ ಒಬ್ರಿದ್ದಾರೆ, ರಿಟೈರ್ಡ್ ಕ್ಯಾಪ್ಟನ್. ಅವರು ಬರೆದದ್ದು ಮಾತ್ರ ಎದೆಗೆ ತಾಕ್ತು. ಒಂದ್ಸಲ ಮೆಕ್ಯಾನಿಕ್ ಮಾಡಿದ ತಪ್ಪನ್ನ ತನ್ನ ಮೇಲೆ ಹಾಕ್ಕೊಂಡ ಮನುಷ್ಯ ಅವರು. ಅಂಥವರೇ ಹೇಳಿದ ಮೇಲೆ ನಾನು ಬಲಗಡೆ ಸೀಟಿಗೆ, ಕೋ-ಪೈಲಟ್ ಆಗಿ, ವಾಪಸ್ ಹೋಗೋದೇ ಸರಿ."

ನಾನು ಹೂಂ ಎಂದೆ. "ಕೇಳಿಸ್ತಿದ್ಯಾ ಅಪ್ಪ?" ಎಂದು ನೀನು ಎರಡು ಸಲ ಕೇಳಬೇಕಾಯಿತು. ಕೇಳಿಸುತ್ತಿತ್ತು ಮಗಳೇ.

ಆ ಹಳೆಯ ರೆಕ್ಕೆ ನಾನೇ.

ಈಗ ಒಂದು ಲೋಟ ನೀರು ಕುಡಿದು ಬಂದೆ. ನೀನೂ ಕುಡಿ.

ಹೇಗಾಯಿತು ಎಂದು ಹೇಳುತ್ತೇನೆ. ನಿನ್ನಮ್ಮ ತೀರಿಕೊಂಡ ವರ್ಷ ನೀನು ಟ್ಯಾಬ್ಲೆಟ್ ತಂದುಕೊಟ್ಟೆಯಲ್ಲ, "ಗೋಡೆ ಜೊತೆ ಮಾತಾಡೋ ಬದಲು ಇದರ ಜೊತೆ ಮಾತಾಡು" ಅಂತ. ಹಾಗೆ ಹುಡುಕುತ್ತ ವಿಮಾನದವರೆಲ್ಲ ಸೇರಿ ಹರಟುವ ಆ ಜಾಗ ಸಿಕ್ಕಿತು. ಮೊದಲು ನಿಜವನ್ನೇ ಹೇಳಿ ಹೋದೆ. ಮೂವತ್ತೊಂದು ವರ್ಷ ಹ್ಯಾಂಗರಿನಲ್ಲಿ ಮೆಕ್ಯಾನಿಕ್ ಆಗಿದ್ದೆ, ಬ್ರೇಕಿನ ವಿಷಯದಲ್ಲಿ ನನಗೆ ತೋಚಿದ್ದು ಇದು, ಎಂದು ಕಾಲೇಜಿನ ಇಂಗ್ಲಿಷನ್ನೆಲ್ಲ ಅಟ್ಟದಿಂದ ಇಳಿಸಿ, ಧೂಳು ಕೊಡವಿ, 'ಐ ಬೆಗ್ ಟು ಸ್ಟೇಟ್' ಎಂದು ಶುರುಮಾಡಿದೆ. ಒಬ್ಬ ಪೈಲಟ್ ಒಂದೇ ಸಾಲಿನ ಉತ್ತರ ಕೊಟ್ಟ: ಸ್ಪ್ಯಾನರ್ ಹಿಡಿಯುವವರು ಸ್ಪ್ಯಾನರ್ ಹಿಡಿದುಕೊಂಡಿರಲಿ. ಹದಿನೇಳು ಜನ ನಕ್ಕ ಗುರುತು ಒತ್ತಿದ್ದರು. ಒಬ್ಬೊಬ್ಬರನ್ನೂ ಎಣಿಸಿದೆ.

ತಿಂಗಳು ಬಿಟ್ಟು ಬೇರೆ ಹೆಸರಿನಲ್ಲಿ ಹೋದೆ. ಹಳೆಯ ರೆಕ್ಕೆ. ಅದೇ ಬ್ರೇಕಿನ ಮಾತು, ಅದೇ ಇಂಗ್ಲಿಷು. ಈ ಸಲ ಒಬ್ಬ ಥ್ಯಾಂಕ್ಯೂ ಕ್ಯಾಪ್ಟನ್ ಎಂದ. ತಿದ್ದಬೇಕಿತ್ತು. ಬೆರಳು ಕೀಲಿಯ ಮೇಲೇ ಇತ್ತು. ತಿದ್ದಲಿಲ್ಲ. ಅವತ್ತಿನ ಚಹಾಕ್ಕೆ ಸಕ್ಕರೆ ಹಾಕುವುದನ್ನು ಮರೆತಿದ್ದೆ, ಕುಡಿದು ಮುಗಿಯುವವರೆಗೂ ಗೊತ್ತಾಗಲಿಲ್ಲ.

ಎರಡು ವರ್ಷ ಕ್ಯಾಪ್ಟನ್ ಆಗಿದ್ದೆ. ನೀನು ಎಡಗಡೆಯ ಸೀಟಿಗೆ ಬಂದು ಎಂಟು ತಿಂಗಳು, ನಾನು ನಿನಗಿಂತ ಸೀನಿಯರ್. ನಗು ಬಂದರೆ ನಕ್ಕುಬಿಡು, ನನಗೇನೂ ಬೇಜಾರಿಲ್ಲ. ಆ ಜಾಗದಲ್ಲಿ ಒಂದು ರೂಢಿ ಇದೆ. ಯಾರನ್ನಾದರೂ ತುಳಿಯುವ ಮೊದಲು 'ಇನ್ ಮೈ ಹಂಬಲ್ ಒಪೀನಿಯನ್' ಎಂದು ಬರೆಯಬೇಕು. ನಮ್ಮ ಇಂಗ್ಲಿಷ್ ಮೇಷ್ಟ್ರು ಇದನ್ನು ಸಭ್ಯತೆಗೆಂದು ಕಲಿಸಿದ್ದರು. ಅಲ್ಲಿ ಅದು ಬೂಟು ಹಾಕಿಕೊಳ್ಳುವ ಮೊದಲು ಕಾಲುಚೀಲ ಏರಿಸಿದ ಹಾಗೆ.

ನಿನ್ನ ಸುದ್ದಿ ಬಂದ ದಿನ ಯಾವ ಕಂಪನಿ, ಯಾವ ಊರು ಎಂದು ಯಾರೂ ಬರೆದಿರಲಿಲ್ಲ. ನಾನು ಕೇಳಲೂ ಇಲ್ಲ. ತೀರ್ಪು ಕೊಡಲು ಕೂತವನಿಗೆ ಅದೆಲ್ಲ ಯಾಕೆ? ಬರೆದೆ: ಇನ್ ಮೈ ಹಂಬಲ್ ಒಪೀನಿಯನ್, ಇದು ಮರೆವಲ್ಲ, ಅಹಂಕಾರ. ಎಡಗಡೆಯ ಸೀಟು ಸಿಕ್ಕ ಕೂಡಲೇ ಕೆಳಗೆ ನಿಂತವನ ಕೈ ಕಾಣಿಸದೆ ಹೋಗುತ್ತದೆ. ಮೂರರವರೆಗೆ ಎಣಿಸಲು ಬಾರದವರು ಬಲಗಡೆಯ ಸೀಟಿಗೆ ಹಿಂದಿರುಗಲಿ. ಅದರ ಕೆಳಗೆ ನನ್ನದೇ ಅನುಭವವೆಂಬಂತೆ ಆ ಕಥೆ. ನಾನು ಕ್ಯಾಪ್ಟನ್ ಆಗಿದ್ದಾಗ ನನಗೂ ಹೀಗಾಯಿತು, ಮೆಕ್ಯಾನಿಕ್ ಪಿನ್ನು ಬಿಟ್ಟಿದ್ದ, ಆದರೂ ನಾನು ಅವನ ಹೆಸರೆತ್ತದೆ ತಪ್ಪು ನನ್ನದೇ ಎಂದು ಬರೆದುಕೊಟ್ಟೆ, ವಿನಯ ಎಂದರೆ ಅದು. ನಾನೂರಕ್ಕೂ ಹೆಚ್ಚು ಜನ ಮೆಚ್ಚಿದರು. "ನಿಮ್ಮ ವಿನಯಕ್ಕೂ ಒಂದು ಕನ್ನಡಿ ಬೇಕು ನೋಡಿ" ಎಂದು ನಿನ್ನಮ್ಮ ನನ್ನನ್ನು ಛೇಡಿಸುತ್ತಿದ್ದಳು. ಅವಳಿದ್ದಿದ್ದರೆ ಟ್ಯಾಬ್ಲೆಟ್ಟನ್ನು ಅಕ್ಕಿಡಬ್ಬಿಯಲ್ಲಿ ಬಚ್ಚಿಡುತ್ತಿದ್ದಳು.

ಆ ಕಥೆ ನಡೆದದ್ದು ನಿಜ. ಅದರಲ್ಲಿ ಕ್ಯಾಪ್ಟನ್ ನಾನಲ್ಲ. ನಾನು ಮೆಕ್ಯಾನಿಕ್.

ಆ ಕ್ಯಾಪ್ಟನ್, ನಮ್ಮ ಕರ್ಚೀಫ್ ಸಾರ್, ನಿನಗೆ ನೆನಪಿರಲಾರರು, ನಿನಗಾಗ ಒಂಬತ್ತು ವರ್ಷ. ಹೊರಡುವ ಮೊದಲು ಪ್ರತಿಸಲವೂ ಕೆಳಗಿಳಿದು ಬಂದು ಚಕ್ರಗಳನ್ನು ಮುಟ್ಟಿ ನೋಡುತ್ತಿದ್ದರು. ಕೈಗೆ ಗ್ರೀಸ್ ಹತ್ತಿದರೆ ಕರ್ಚೀಫ್ ತೆಗೆದು ಒರೆಸಿ, ಅದನ್ನೇ ನನ್ನತ್ತ ಚಾಚುತ್ತಿದ್ದರು. ಬಿಳಿ ಕರ್ಚೀಫು. ಬೇರೆ ಪೈಲಟ್‌ಗಳು ನನ್ನ ಹೆಸರನ್ನೇ ತಿಳಿಯದೆ ರಿಟೈರ್ ಆದರು. ಇವರು "ಇವತ್ತು ಎಂಜಿನ್ ಸದ್ದು ನಿಮ್ಮ ಕಿವಿಗೆ ಹೇಗಿದೆ?" ಎಂದು ಕೇಳುತ್ತಿದ್ದರು. ನಾನು ಸರಿಯಿಲ್ಲ ಎಂದರೆ ಹೊರಡುತ್ತಿರಲಿಲ್ಲ. ಆಗಷ್ಟೇ ಪೈಲಟ್‌ಗಳಿಗೆ ಕಲಿಸುವ ಹುದ್ದೆಗೆ ಅವರ ಹೆಸರು ಬಂದಿತ್ತು.

ಆಗ ಪಿನ್ನುಗಳು ನಮ್ಮ ಬಳಿಯೇ ಇರುತ್ತಿದ್ದವು, ಹ್ಯಾಂಗರಿನ ಹಲಗೆಯ ಮೇಲೆ, ಒಂದೊಂದು ವಿಮಾನಕ್ಕೆ ಮೂರು. ನಿಂತ ವಿಮಾನದ ಕಾಲು ಮಡಚದಿರಲೆಂದು ಸಿಕ್ಕಿಸುವುದು, ಹೊರಡುವಾಗ ಕಿತ್ತು, ಪೈಲಟ್ ಕಿಟಕಿಯ ಮುಂದೆ ನಿಂತು ಎತ್ತಿ ತೋರಿಸುವುದು. ಆ ಬೆಳಿಗ್ಗೆ ಮೊದಲ ವಿಮಾನದ ಪಿನ್ನುಗಳನ್ನು ತೆಗೆದಾಗ ಎರಡನ್ನು ಹಲಗೆಗೆ ಹಾಕಿ, ಒಂದನ್ನು ಜೇಬಿನಲ್ಲೇ ಮರೆತಿದ್ದೆ. ಎರಡನೆಯದು ಕರ್ಚೀಫ್ ಸಾರ್ ವಿಮಾನ. ಎರಡು ಪಿನ್ನು ಕಿತ್ತೆ. ಅಷ್ಟರಲ್ಲಿ ಯಾರೋ ಕರೆದರು, ಏನೋ ಮಾತಾಡಿದೆ, ತಿರುಗಿ ಬಂದು ಜೇಬಿಗೆ ಕೈಹಾಕಿದರೆ ಮೂರು ರಿಬ್ಬನ್ ಸಿಕ್ಕವು. ಕಿಟಕಿಯ ಮುಂದೆ ನಿಂತು ಮೂರನ್ನೂ ಎತ್ತಿ ತೋರಿಸಿದೆ. ಅವರು ನೋಡಿದರು. ತುಟಿ ಅಲ್ಲಾಡಿಸಿ ಎಣಿಸಿದ್ದನ್ನು ಕಣ್ಣಾರೆ ಕಂಡೆ. ಹೆಬ್ಬೆರಳೆತ್ತಿದರು. ಅವತ್ತು ತಡವಾಗಿತ್ತು, ಕೆಳಗಿಳಿದು ಬಂದಿರಲಿಲ್ಲ. ಅದೊಂದೇ ದಿನ.

ನಾಲ್ಕನೆಯ ಪಿನ್ನು ಚಕ್ರದಲ್ಲೇ ಇತ್ತು. ಅರ್ಧ ಗಂಟೆಯಲ್ಲಿ ಅವರು ತಿರುಗಿ ಬಂದರು.

ಜೇಬಿನ ಹೆಚ್ಚುವರಿ ಪಿನ್ನನ್ನು ಹಲಗೆಗೆ ಹಾಕಿದ್ದರೆ ಎಲ್ಲರಿಗೂ ತಿಳಿಯುತ್ತಿತ್ತು. ನಾನು ಅದನ್ನು ಟೂಲ್ ಡಬ್ಬಿಯ ತಳದಲ್ಲಿ ಹಾಕಿದೆ. ಮೊದಲ ವಿಮಾನಕ್ಕೆ ಒಂದು ಕಡಿಮೆಯಾದದ್ದಕ್ಕೆ, ಬಾಗಿಹೋಯಿತು ಎಂದು ಹೇಳಿ ಸ್ಟೋರಿನಿಂದ ಬೇರೆ ತಂದೆ. ಕರ್ಚೀಫ್ ಸಾರ್ ವರದಿಯಲ್ಲಿ ಬರೆದರು: ನಾನು ಸರಿಯಾಗಿ ಎಣಿಸಲಿಲ್ಲ, ಇಳಿದು ನೋಡಲೂ ಇಲ್ಲ, ಮೆಕ್ಯಾನಿಕ್ ತಪ್ಪಿಲ್ಲ. ಎರಡು ತಿಂಗಳು ಅವರನ್ನು ಹಾರಲು ಬಿಡಲಿಲ್ಲ. ಕಲಿಸುವ ಹುದ್ದೆ ಬೇರೆಯವರಿಗೆ ಹೋಯಿತು, ಮತ್ತೆ ಬರಲೇ ಇಲ್ಲ. ಅವರು ನನ್ನನ್ನು ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ತಿರುಗಿ ಕೆಲಸಕ್ಕೆ ಬಂದ ದಿನ ಚಕ್ರ ಮುಟ್ಟಿ, ಕೈ ಒರೆಸಿ, ಕರ್ಚೀಫನ್ನು ನನ್ನತ್ತ ಚಾಚಿದರು. ನನ್ನ ಕೈ ಚೊಕ್ಕವಾಗೇ ಇದೆ ಸಾರ್ ಎಂದೆ.

ಇಪ್ಪತ್ತಾರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಬಾಯಿ ತೆರೆದಾಗ ಅವರ ಕಥೆಯನ್ನೇ ಕದ್ದು, ಅವರ ಅಂಗಿ ತೊಟ್ಟು, ನನ್ನ ಮಗಳಿಗೇ ಬುದ್ಧಿ ಹೇಳಿದೆ. ಇಂಗ್ಲಿಷಿನಲ್ಲಿ ಇದಕ್ಕೊಂದು ಪದವಿದೆ, ಕಾಲೇಜಿನಲ್ಲಿ ಓದಿದ್ದೆ. ನಾಲಿಗೆಯ ತುದಿಯಲ್ಲಿದೆ, ಬರುತ್ತಿಲ್ಲ. ಕನ್ನಡದಲ್ಲಿ ನಾಚಿಕೆಗೇಡು.

ನಿನ್ನೆ ಮಧ್ಯಾಹ್ನ ಆ ಜಾಗದಲ್ಲಿ ಬರೆದೆ, ನಾನು ಕ್ಯಾಪ್ಟನ್ ಅಲ್ಲ, ಕಥೆ ನನ್ನದಲ್ಲ, ಆ ಪೈಲಟ್ ಕುರಿತು ಮಾತಾಡುವ ಯೋಗ್ಯತೆ ನನಗಿಲ್ಲ ಎಂದು. ಬೈಗುಳ ಬಂತು, ಅದು ಬರಬೇಕಾದ್ದೇ. "ಮುದುಕಪ್ಪ, ಕೊನೆಗೂ ಸ್ಪ್ಯಾನರ್‌ಗೆ ವಾಪಸ್ ಬಂದ್ಯಾ" ಎಂದು ಒಬ್ಬ ಬರೆದ. ಆದರೆ ಮೂರನೆಯದೋ ನಾಲ್ಕನೆಯದೋ ಉತ್ತರ ಹೀಗಿತ್ತು: ಒಪ್ಪಿಕೊಳ್ಳಲು ಎಂಥ ದೊಡ್ಡ ಮನಸ್ಸು, ಎಂಥ ಹಂಬಲ್ ಮನುಷ್ಯ. ಓದುತ್ತಿದ್ದ ಹಾಗೆ ಒಳಗೆ ಮತ್ತದೇ ಸಿಹಿ ಹುಟ್ಟಿತು ಕೂಸೇ. ಇನ್ನೂ ಯಾರಾದರೂ ಹೊಗಳಿದ್ದಾರಾ ಎಂದು ಕೆಳಗೆ ಕೆಳಗೆ ಹುಡುಕುತ್ತಿದ್ದೆ. ಆಗ ಹೆದರಿಕೆಯಾಯಿತು. ಖಾತೆ ಮುಚ್ಚಿ, ಟ್ಯಾಬ್ಲೆಟ್ ಆರಿಸಿ, ನಿನ್ನಮ್ಮನ ಸೀರೆಗಳ ಕಪಾಟಿನಲ್ಲಿಟ್ಟೆ.

ನಿನ್ನ ಮೇಲಧಿಕಾರಿಗಳು ಹಿಂದಕ್ಕೆ ಹೋಗು ಎಂದರೆ ಹೋಗು. ನಿನಗೇ ಸಾಲದು ಅನ್ನಿಸಿದರೆ ಹೋಗು, ಬಲಗಡೆಯ ಸೀಟು ಕೀಳೇನಲ್ಲ. ಆದರೆ ಹಳೆಯ ರೆಕ್ಕೆ ಹೇಳಿದ ಎಂದು ಮಾತ್ರ ಹೋಗಬೇಡ. ಅಂಥವನು ಇಲ್ಲ. ಇರುವವನು ನಿನ್ನಪ್ಪ. ನೀನು ಒಂದು ಸಂಜೆಯಲ್ಲಿ ಬರೆದುಕೊಟ್ಟದ್ದನ್ನು ಇಪ್ಪತ್ತಾರು ವರ್ಷ ಬರೆಯಲಾರದೆ ಹೋದವನು.

ಫೋನ್ ಮಾಡಲೇಬೇಕೆಂದಿಲ್ಲ. ಮಾಡಿದರೆ, ಊಟವಾಯಿತಾ ಎಂದು ನಾನು ಕೇಳುವುದಿಲ್ಲ.

ನಿನ್ನ ಅಪ್ಪ,
ಹ್ಯಾಂಗರಿನ ಮೆಕ್ಯಾನಿಕ್

ಮರೆತ ಮಾತು, ಶುಕ್ರವಾರ ಮಧ್ಯಾಹ್ನ:

ಮೇಲೆ ಒಂದು ಕಡೆ, ಅವರು ನನ್ನನ್ನು ಏನೂ ಕೇಳಲಿಲ್ಲ ಎಂದು ಬರೆದಿದ್ದೇನೆ. ಅದು ಸುಳ್ಳು. ಹೊಡೆದುಹಾಕಿಲ್ಲ, ಇದ್ದಲ್ಲೇ ಇರಲಿ, ನೀನೂ ನೋಡು. ತಿರುಗಿ ಬಂದು ಇಳಿದವರು ನೇರ ನನ್ನ ಬಳಿ ಬಂದಿದ್ದರು. "ನೀವು ಮೂರು ತೋರಿಸಿದ್ರಲ್ಲ?" ಎಂದು ಮೆಲ್ಲಗೆ ಕೇಳಿದ್ದರು. "ಇಲ್ಲ ಸಾರ್, ಎರಡೇ. ಇನ್ನೊಂದನ್ನ ತೆಗೆಯೋಕೆ ಹೋಗೋದ್ರೊಳಗೆ ನೀವು ಹೆಬ್ಬೆರಳೆತ್ತಿಬಿಟ್ರಿ" ಎಂದಿದ್ದೆ. ನನ್ನ ಮುಖ ನೋಡಿ, "ಹಾಗಿರಬಹುದು. ಬಿಸಿಲು ಕಣ್ಣಿಗೆ ಹೊಡೀತಿತ್ತು" ಎಂದಿದ್ದರು. ನನ್ನನ್ನು ಉಳಿಸಲು ಅವರು ತಪ್ಪು ಹೊತ್ತುಕೊಳ್ಳಲಿಲ್ಲ ಕೂಸೇ. ನನ್ನ ಮಾತನ್ನು ನಂಬಿ, ತಮ್ಮ ಕಣ್ಣನ್ನು ನಂಬದೆ ಹೊತ್ತುಕೊಂಡರು.

ಇವತ್ತು ಹೋಗಿದ್ದು ಅವರಲ್ಲಿಗೆ. ಎರಡನೇ ಮಹಡಿ, ತಂಗಿಯ ಮನೆಯಲ್ಲಿದ್ದಾರೆ. ವಯಸ್ಸು ಎಂಬತ್ತೊಂದು. ಡಬ್ಬಿಯ ತಳದ ಆ ಪಿನ್ನನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಬಣ್ಣ ಹೋದ ರಿಬ್ಬನ್ನನ್ನು ಬೆರಳಿಗೆ ಸುತ್ತಿಕೊಂಡರು. ಬೈಯಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. "ಅವತ್ತಿಂದ ಎಲ್ಲಾನೂ ಎರಡೆರಡು ಸಲ ಎಣಿಸ್ತೀನಿ. ಮೆಟ್ಟಿಲು, ಮಾತ್ರೆ, ಎಲ್ಲಾನೂ" ಎಂದರಷ್ಟೇ. ಅವರ ತಂಗಿ ಒಳಗಿನಿಂದ, "ಪಾತ್ರೆನೂ ಎಣಿಸ್ತಾನೆ, ನಾನೇನೋ ಕದ್ದ ಹಾಗೆ" ಎಂದರು. ಸಾರ್‌ಗೆ ನಿನ್ನ ವಿಷಯ ಹೇಳಿದೆ. ಯಾವ ಸೀಟು ಎಂದರು. ಎಡಗಡೆ ಸಾರ್, ಸೋಮವಾರದವರೆಗೆ ಎಂದೆ. "ಅಲ್ಲೇ ಇರ್ಲಿ. ಎಣಿಸಲಿಲ್ಲ ಅಂತ ತಾನೇ ಬರ್ಕೊಟ್ಟೋಳು ಇನ್ಮೇಲೆ ಎಣಿಸದೆ ಹೊರಡಲ್ಲ" ಎಂದರು. ಇದು ನಿಜವಾದ ಕ್ಯಾಪ್ಟನ್ ಹೇಳಿದ್ದು. ಬೇಕಾದರೆ ಇದನ್ನು ಎದೆಗೆ ಹಚ್ಚಿಕೋ.

ಕೆಳಗಿಳಿದು ರಸ್ತೆ ದಾಟುವಾಗ ಮೇಲಿನಿಂದ ಕಿಟಕಿ ತೆರೆದ ಸದ್ದಾಯಿತು. ಚೌಕಟ್ಟಿಗೆ ಆತುಕೊಂಡು ಸಾರ್ ನಿಂತಿದ್ದರು. "ಅವತ್ತು ಮೂರೇ ಅಲ್ವಾ?" ಎಂದು ಕೂಗಿದರು. ಗಾಡಿಗಳ ಸದ್ದಿನಲ್ಲಿ ನನ್ನ ದನಿ ಅಲ್ಲಿಗೆ ಮುಟ್ಟುವಂತಿರಲಿಲ್ಲ. ಕಿಟಕಿಯ ಮುಂದೆ ನೆಟ್ಟಗೆ ನಿಂತು, ಕೈಯೆತ್ತಿ ಮೂರು ಬೆರಳು ತೋರಿಸಿದೆ. ಅವರ ತುಟಿ ಅಲ್ಲಾಡಿತು. ಆಮೇಲೆ ಹೆಬ್ಬೆರಳೆತ್ತಿದರು.