ಮಡಿಕೆಯೊಳಗೆ ಉಳಿದ ಬಣ್ಣ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಬನ್ನು,

ಕವರಿನ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ನೀನು ಮುಖ ಗಂಟಿಕ್ಕಿರುತ್ತೀಯ, ನನಗೆ ಗೊತ್ತು. ಆದರೆ ಫೋನಿನಲ್ಲಿ ಈ ವಿಷಯ ಎತ್ತಿದರೆ ಸಾಕು, “ಓವನ್ನಲ್ಲಿ ಬ್ರೆಡ್ ಇದೆ ಕಣೇ ಅಕ್ಕ, ಆಮೇಲೆ ಮಾಡ್ತೀನಿ” ಅಂತ ಇಟ್ಟುಬಿಡುತ್ತೀಯ. ನಿನ್ನ ಬೇಕರಿಯಲ್ಲಿ ಅದೆಷ್ಟು ಬ್ರೆಡ್ ಸುಡುತ್ತವೋ, ಎಲ್ಲವೂ ನಾನು ಅಮ್ಮನ ಮಾತೆತ್ತಿದಾಗಲೇ. ಅದಕ್ಕೇ ಕಾಗದ. ಬೇಡವಾದರೆ ಹಿಟ್ಟಿನ ಡಬ್ಬದ ಹಿಂದೆ ಸಿಕ್ಕಿಸಿಡು, ಮನಸ್ಸು ಬಂದಾಗ ತೆಗೆದು ಓದು.

ನಿನ್ನ ಗಂಡ ನಿನ್ನ ಮಾತನ್ನು ತಲುಪಿಸಿದರು. ಏಳನೇ ತಿಂಗಳು ಎಂದು ತಿಳಿದದ್ದೂ ಆಗಲೇ. ಮಗುವಿಗೆ ಯಾರೂ ಏನೂ ಹೊಲಿಯಕೂಡದು, ಹೆರಿಗೆಗೆ ಅಮ್ಮ ಬರಕೂಡದು, ಹೋದ ಸಲ ಬಂದು ನಿಂತದ್ದೇ ಸಾಕು ಅಂದೆಯಂತೆ. ಅದನ್ನು ಅಮ್ಮನಿಗೆ ಹೇಳಲು ನನಗೆ ಬಾಯಿ ಬಂದಿಲ್ಲ. ದಿನಾ ಬೆಳಿಗ್ಗೆ ಕಾಫಿ ಲೋಟ ಕೈಗೆ ಕೊಟ್ಟಾಗ ಕೇಳುತ್ತಾಳೆ, “ಏನಂದಳೇ ಅವಳು?” ಅಂಗಡಿಯಲ್ಲಿ ಕೆಲಸ ಜಾಸ್ತಿಯಂತೆ ಅನ್ನುತ್ತೇನೆ. ಹೂಂ ಅಂದು ಲೋಟ ತುಟಿಗಿಡುತ್ತಾಳೆ.

ಅಮ್ಮ ಚೆನ್ನಾಗಿದ್ದಾಳೆ. ಉಣ್ಣುತ್ತಾಳೆ, ಮಲಗುತ್ತಾಳೆ, ನನ್ನನ್ನು ಬೈಯುತ್ತಾಳೆ. ಸಂಜೆ ಅವಳಿಗೊಂದು ಕವಿತೆ ಓದುತ್ತೇನೆ. ಪೂರ್ತಿ ಕೇಳಿ, “ಇಷ್ಟೇನಾ? ಇದನ್ನ ಒಂದೇ ಸಾಲಲ್ಲಿ ಹೇಳಬಹುದಿತ್ತಲ್ಲ” ಅನ್ನುತ್ತಾಳೆ. ಮಂಡಿನೋವು ಅಂತ ಹೊಲಿಗೆ ಯಂತ್ರ ತುಳಿಯುವುದನ್ನು ನಿಲ್ಲಿಸಿದ್ದಾಳೆ. ಈಗ ಅದರ ಮುಂದೆ ಕೂರುವವಳು ನಾನು. ನಗಬೇಡ. ಕಾಲೇಜಿನಲ್ಲಿ ಪಾಠ ಮಾಡುವವಳು ಮನೆಗೆ ಬಂದು ದಿನಾ ಫೇಲಾಗುತ್ತಿದ್ದೇನೆ.

ಆ ಕುರ್ಚಿಯಲ್ಲಿ ಕೂತಾಗಲೆಲ್ಲ ಹಳೆಯ ಮುಂಗೋಣೆ ಕಣ್ಣಿಗೆ ಕಟ್ಟುತ್ತದೆ. ಬಟ್ಟೆ ಕತ್ತರಿಸುವ ಅಗಲದ ಮೇಜು, ಅದರ ಕೆಳಗೆ ಚೂರುಬಟ್ಟೆಗಳ ರಾಶಿ, ರಾಶಿಯ ಮೇಲೆ ಬಾಯಿ ತೆರೆದು ನಿದ್ದೆ ಹೋದ ನೀನು. ಒದ್ದೆ ಬಟ್ಟೆಯ ಮೇಲೆ ಇಸ್ತ್ರಿ ಇಟ್ಟಾಗ ಏಳುವ ಆ ಬೆಚ್ಚನೆಯ ವಾಸನೆ. ಔಷಧಿ ಅಂಗಡಿಯವರು ತಮ್ಮ ಪ್ಯಾಂಟನ್ನು ತಿರುವಿ ಹಾಕಿ ನೋಡುತ್ತ, ಇಷ್ಟೊಂದು ಬಟ್ಟೆ ಒಳಗೇ ಬಿಟ್ಟರೆ ನನಗೇನು ಉಳೀತಮ್ಮಾ ಅಂತ ಗೊಣಗಿದ್ದು ನೆನಪಿದೆಯಾ? ಅಮ್ಮ ತಲೆಯೆತ್ತದೆ, “ಮುಂದಿನ ವರ್ಷ ಹೊಟ್ಟೆ ಬರುತ್ತಲ್ಲ, ಆಗ ಬಂದು ಕೇಳಿ” ಅಂದಿದ್ದಳು. ಬಂದರು ಕೂಡ, ನಾಚಿಕೊಂಡು.

ಅಳತೆಗಿಂತ ಎರಡು ಬೆರಳು ಹೆಚ್ಚು ಬಟ್ಟೆ ಹೊಲಿಗೆಯೊಳಗೆ ಮಡಚಿಡದೆ ಅವಳು ಯಾರಿಗೂ ಏನನ್ನೂ ಹೊಲಿದವಳಲ್ಲ. ನಮ್ಮ ಸ್ಕೂಲಿನ ನೀಲಿ ಸ್ಕರ್ಟಿಗಂತೂ ಒಂದು ಗೇಣು. ಪ್ರತಿ ವರ್ಷ ಅಂಚು ಬಿಚ್ಚಿ ಇಳಿಸುವುದು, ಬಿಚ್ಚಿದಲ್ಲಿ ಬಿಸಿಲು ಕಾಣದ ಕಡುನೀಲಿ ಪಟ್ಟೆ ಎದ್ದು ಕಾಣುವುದು. ನನ್ನ ಸ್ಕರ್ಟು ನಿನಗೆ ಬಂದಾಗ ನನ್ನ ಪಟ್ಟೆಗಳೂ ಅದರ ಜೊತೆಗೇ ಬಂದವು, ಮೇಲೆ ನಿನ್ನವು. ಡ್ರಿಲ್ ಮೇಷ್ಟ್ರು ನಿನ್ನನ್ನು ಮೃಗಾಲಯಕ್ಕೆ ಕಳಿಸಬೇಕು ಅಂದ ದಿನ ನೀನು ಅತ್ತ ಅಳು! ಅಮ್ಮ ಕತ್ತರಿ ಕೆಳಗಿಟ್ಟು ನಿನ್ನ ಮೂಗು ಒರೆಸಿದಳು. “ನಕ್ಕೊಳ್ಳಲಿ ಬಿಡೇ. ಬೆಳೆದಿದೀಯ ಅಂತ ನಾಲ್ಕು ಜನಕ್ಕೆ ಗೊತ್ತಾದ್ರೆ ನಿಂಗೇನು ನಷ್ಟ?” ಹಳೆಯ ಹೊಲಿಗೆಯ ಸೂಜಿತೂತುಗಳ ಮೇಲೆ ನೀರು ಚಿಮುಕಿಸಿ ಇಸ್ತ್ರಿ ಎಳೆದರೂ ಅವು ಪೂರ್ತಿ ಮುಚ್ಚುತ್ತಿರಲಿಲ್ಲ. ಮುಚ್ಚಬೇಕಾಗಿಲ್ಲ ಅನ್ನುತ್ತಿದ್ದಳು.

ಬನ್ನು, ಈಗ ಆಸ್ಪತ್ರೆಯ ಮಾತು. ಬರೆಯದೆ ವಿಧಿಯಿಲ್ಲ.

ಮಗು ಉಸಿರಾಡಲಿಲ್ಲ ಎಂದು ಡಾಕ್ಟರು ಹೇಳಿ ಹೋದ ಮೇಲೆ ಅಮ್ಮ ಬಾಗಿಲ ಬಳಿಯೇ ನಿಂತುಬಿಟ್ಟಳು. ನಿನ್ನ ಹತ್ತಿರ ಬರಲಿಲ್ಲ, ತಲೆ ಸವರಲಿಲ್ಲ. ಹಿಟ್ಟಿನ ಮೂಟೆ ಎತ್ತಬೇಡ, ಒಲೆಯ ಮುಂದೆ ನಿಂತು ನಿಂತು ಸಾಯಬೇಡ ಎಂದು ತಿಂಗಳುಗಟ್ಟಲೆ ಹೇಳಿದವಳು ಅವಳು. ಹಾಗಾಗಿ ಆ ಮೌನಕ್ಕೆ ಒಂದೇ ಅರ್ಥ ಎಂದುಕೊಂಡೆ ನೀನು. ನಾನೂ ಅದನ್ನೇ ಅಂದುಕೊಂಡಿದ್ದೆ. ಡಾಕ್ಟರು ಯಾರದ್ದೂ ತಪ್ಪಿಲ್ಲ ಅಂದರೂ ನಿನ್ನ ಕಿವಿಗೆ ಬಿದ್ದದ್ದು ಅಮ್ಮ ಆಡದ ಮಾತು.

ಮೊನ್ನೆ ನಾನು ದಿಂಬಿನ ಕವರು ಹೊಲಿಯುತ್ತಿದ್ದೆ. ಅಮ್ಮ ಪಕ್ಕದಲ್ಲಿ ಕೂತು ಅಂಚನ್ನು ಬೆರಳಿನಿಂದ ಸವರಿ, ಎರಡು ಬೆರಳು ಬಿಟ್ಟಿಲ್ಲ, ಬಿಚ್ಚು ಅಂದಳು. ನನಗೆ ರೇಗಿತು. ದಿಂಬು ಬೆಳೆಯುತ್ತಾ ಅಮ್ಮ ಅಂದೆ. “ಬಿಟ್ರೆ ನಿನ್ನ ಗಂಟೇನು ಹೋಗುತ್ತೆ?” ಎಂದು ಶುರುಮಾಡಿದವಳು ಅರ್ಧಕ್ಕೇ ನಿಲ್ಲಿಸಿದಳು. ನೂಲುಂಡೆಯನ್ನು ಕೈಯಲ್ಲಿ ತಿರುಗಿಸುತ್ತ ಕೂತಳು.

ಆಮೇಲೆ ಹೇಳಿದಳು: “ಆ ಮಗೂಗೆ ಬಿಡಲಿಲ್ಲ ಕಣೇ. ಎಳೇ ಮೈ, ಹೊಲಿಗೆ ಚುಚ್ಚುತ್ತೆ ಅಂತ ಒಳಗಿನ ಅಂಚೆಲ್ಲ ಕತ್ತರಿಸಿಬಿಟ್ಟೆ. ಜೀವಮಾನದಲ್ಲಿ ಅದೊಂದೇ ಅಂಗಿಗೆ ಬೆಳೆಯೋಕೆ ಜಾಗ ಇಡಲಿಲ್ಲ. ಯಾವ ಮುಖ ಇಟ್ಕೊಂಡು ಅವಳ ಹತ್ರ ಹೋಗ್ಲಿ?”

ಅರ್ಥವಾಯಿತಾ? ಬಾಗಿಲ ಬಳಿ ನಿಂತಿದ್ದವಳು ನಿನ್ನನ್ನು ದೂರುತ್ತಿರಲಿಲ್ಲ, ತನ್ನನ್ನೇ ದೂರಿಕೊಳ್ಳುತ್ತಿದ್ದಳು. ಇಷ್ಟು ವರ್ಷ ನೀನು ಹಿಟ್ಟಿನ ಮೂಟೆ ಹೊತ್ತುಕೊಂಡಿದ್ದೆ, ಅವಳು ಆ ಎರಡು ಬೆರಳಿನಷ್ಟು ಬಟ್ಟೆ ಹೊತ್ತುಕೊಂಡಿದ್ದಳು. ಹಾಗೆಲ್ಲ ಆಗುತ್ತದಾ ಅಮ್ಮ, ಬಟ್ಟೆಗೂ ಜೀವಕ್ಕೂ ಏನು ಸಂಬಂಧ ಅಂದೆ. ಗೊತ್ತು ಅಂದಳು. ಗೊತ್ತಿದ್ದೂ ಎದೆಯಿಂದ ಇಳಿಯುವುದಿಲ್ಲವಂತೆ. ಅವಳ ಕೈ ಹಿಡಿದುಕೊಂಡೆ.

ಎಲ್ಲದಕ್ಕೂ ಅರ್ಥ ಹುಡುಕುವುದು ಅಕ್ಕನ ಚಟ ಎಂದು ನೀನು ಅಣಕಿಸುತ್ತೀಯ. ಸರಿ, ಅಣಕಿಸು. ಮನಸ್ಸು ದೊಡ್ಡದಾಗಲಿ ಎಂದು ನಾನು ಎಷ್ಟು ಪುಸ್ತಕ ಓದಿದೆ, ಎಷ್ಟು ಕಡೆ ಕಣ್ಣು ಮುಚ್ಚಿ ಕೂತೆ. ಎದ್ದು ಬಂದ ಮೇಲೆ ಹಾಲು ಉಕ್ಕಿದರೆ ಅದೇ ಸಿಡುಕು. ಈಗ ಅಮ್ಮನ ಪಕ್ಕ ಕೂತು ತಪ್ಪು ಹೊಲಿಗೆ ಬಿಚ್ಚುವಾಗ ಬೇರೆ ಥರ ಅನ್ನಿಸುತ್ತದೆ. ಅಪ್ಪ ಹೋದಾಗ, ನಿನ್ನ ಮಗು ಹೋದಾಗ ನಮ್ಮೆಲ್ಲರ ಹೊಲಿಗೆ ಬಿಚ್ಚಿತು. ನೀನು ಬೇಕರಿ ತೆರೆದ ದಿನ ಮೊದಲ ಬನ್ನು ನನ್ನ ಬಾಯಿಗೆ ತುರುಕಿ ನಕ್ಕೆಯಲ್ಲ, ಆವತ್ತೂ ಎಲ್ಲೋ ಒಂದು ಎಳೆ ಸಡಿಲವಾಯಿತು, ಸಂತೋಷ ಹಿಡಿಸದೆ. ಬಿಚ್ಚಿದ ಜಾಗದಲ್ಲಿ ಏನೋ ಇತ್ತು ಬನ್ನು. ನಮ್ಮದೇ ಬಣ್ಣ, ಮಾಸದೆ ಮಡಿಕೆಯೊಳಗೆ ಉಳಿದದ್ದು. ದೇವರು ಎಂದು ಬರೆಯಲು ಧೈರ್ಯವಿಲ್ಲ. ಆದರೆ ಮೊನ್ನೆ ಅಮ್ಮನ ಕೈ ಹಿಡಿದು ಕೂತಿದ್ದಾಗ ಬೇರೆ ಪದವೂ ಸಿಗಲಿಲ್ಲ.

ನಿನ್ನ ಭಯ ನನಗೆ ಗೊತ್ತಿಲ್ಲದ್ದಲ್ಲ. ಮಗುವಿಗಾಗಿ ಏನನ್ನೂ ಸಿದ್ಧಮಾಡದಿದ್ದರೆ ಕಳೆದುಕೊಳ್ಳಲೂ ಏನೂ ಇರುವುದಿಲ್ಲ ಎಂಬ ಲೆಕ್ಕ ನಿನ್ನದು. ಬೇಡ ಅಂದರೆ ಒಂದು ಟೋಪಿಯನ್ನೂ ಹೊಲಿಯುವುದಿಲ್ಲ. ಅಮ್ಮನನ್ನು ಮಾತ್ರ ಬರಲು ಬಿಡು. ಅವಳಿಗೆ ನೀನೇ ಫೋನ್ ಮಾಡು. “ಬಾ” ಅನ್ನುವುದಕ್ಕೆ ಒಂದು ಬ್ರೆಡ್ ಸುಡುವಷ್ಟು ಹೊತ್ತೂ ಬೇಡ.

ನಿನ್ನ ಪಟ್ಟೆಗಳಲ್ಲಿ ಪಾಲಿರುವ,
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಅಮ್ಮನ ಮಂಡಿಗೆ ಏನೂ ಆಗಿಲ್ಲ. ಕಣ್ಣು ಹೋಗಿದೆ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದಷ್ಟೇ ಈಗ ತಿಳಿಯುತ್ತದೆ, ಡಾಕ್ಟರು ಕೈಚೆಲ್ಲಿದ್ದಾರೆ. ಕನಿಕರಕ್ಕೆ ಕರೆಸಿಕೊಳ್ಳೋದು ಬೇಡ ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ಆಣೆ ಮುರಿದಿದ್ದೇನೆ, ಅವಳಿಗೆ ಹೇಳಬೇಡ. ನಮ್ಮ ನೀಲಿ ಸ್ಕರ್ಟನ್ನು ಅವಳು ಇನ್ನೂ ಇಟ್ಟುಕೊಂಡಿದ್ದಾಳೆ, ಒಗೆದು ಒಗೆದು ಹೂವಿನಷ್ಟು ಮೆತ್ತಗಾಗಿದೆ. ಮಗುವಿನ ಅಂಗಿಗೆ ಅದೇ ಆಗಬೇಕಂತೆ. ಆದರೆ ಕತ್ತರಿ ಹಾಕಲು ಬಿಡುತ್ತಿಲ್ಲ. ಮೊದಲು ಮಗು ನನ್ನ ಕೈಗೆ ಬರಲಿ, ಮುಟ್ಟಿ ನೋಡಿ ಅಳತೆ ಹೇಳುತ್ತೇನೆ ಅನ್ನುತ್ತಾಳೆ. ಈಗಲೂ ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ. ಪಟ್ಟೆಯ ಬಣ್ಣ ಕಾಣುವುದಿಲ್ಲ, ಹಳೆಯ ಸೂಜಿತೂತುಗಳ ಸಾಲು ಬೆರಳಿಗೆ ಸಿಗುತ್ತದೆ. ಒಂದೊಂದನ್ನೇ ಸವರುತ್ತ, ಇದು ದೊಡ್ಡವಳದು, ಇದು ಸಣ್ಣವಳದು ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಾಳೆ. ಒಂದೂ ತಪ್ಪುತ್ತಿಲ್ಲ.