ಹೊಗೆ ಹಿಡಿದ ಬಾವುಟ

ಲೇ ಶಿವಲಿಂಗ,

ನಿಂಗೆ ನಾನು ಕಾಗದ ಬರೆದಿದ್ದು ನೀನು ಮಿಲಿಟ್ರಿಲಿದ್ದಾಗ ಮಾತ್ರ. ಮಳೆ ಬಂತು, ಹಿಪ್ಪುನೇರಳೆ ಚಿಗುರ್ತು, ಇಂಥೋರ ಮದುವೆ ಆಯ್ತು ಅಂತ ಊರ ಸುದ್ದಿ ಬರೀತಿದ್ದೆ. ನೀನು ಸತ್ತು ನಾಲ್ಕು ವರ್ಷಕ್ಕೆ ಮತ್ತೆ ಪೆನ್ನು ಹಿಡಿದಿದ್ದೀನಿ. ಈ ಸುದ್ದಿ ನಿಂಗೆ ಹಿಡಿಸಲ್ಲ.

ರಜಕ್ಕೆ ಬಂದಿದ್ದಾಗ ಒಂದ್ಸಲ ಟೀ ಅಂಗಡೀಲಿ ಯಾರೋ ನಿನ್ನ ಕೆಣಕಿದ್ರು, 'ಮಿಲಿಟ್ರಿಯೋನಾಗಿ ಮನೆ ಮೇಲೆ ಒಂದು ಬಾವುಟ ಇಲ್ವಲ್ಲೋ' ಅಂತ. ನೀನು ಲೋಟ ಕೆಳಗಿಟ್ಟು ಅಂದೆ: 'ಗಡೀಲಿ ದಿನಾ ಏರಿಸ್ತೀನಿ, ದಿನಾ ಇಳಿಸ್ತೀನಿ ಕಣ್ಲಾ. ಇಳಿಸೋಕೆ ಪುರುಸೊತ್ತಿಲ್ದೋನು ಏರಿಸಬಾರ್ದು.' ನೀನು ಮಾಡಿದ ದೇಶಭಕ್ತಿ ಭಾಷಣ ಅಷ್ಟೇ. ಈಗ ಹಂಗಂದಿದ್ರೆ ನಿನ್ನ ಹೆಸರೂ ಪಟ್ಟೀಲಿ ಇರ್ತಿತ್ತು. ಯಾವ ಪಟ್ಟಿ ಅಂತೀಯಾ? ತಡಿ, ಹೇಳ್ತೀನಿ.

ನಿನ್ನ ಮಗ ಮಂಜನ ಎಸ್ಸೆಲ್ಸಿ ಪರೀಕ್ಷೆ ನೆನಪೈತಾ? ಬೆಳಗಿನ ಬಸ್ಸು ನಂಬಂಗಿಲ್ಲ ಅಂತ ಅವನನ್ನ ರಾಮನಗರದಲ್ಲಿ ಖಲೀಲನ ಮನೇಲಿ ಬಿಟ್ಟಿದ್ದೆ. ನಮ್ಮಿಬ್ಬರ ರೇಷ್ಮೆಗೂಡು ಕೊಂಡೂ ಕೊಂಡೂ ಸ್ನೇಹಿತನಾದೋನು ಖಲೀಲ. ನೂಲು ತೆಗೆಯೋ ಶೆಡ್ಡಿನ ಹಿಂದೇನೇ ಅವನ ಮನೆ. ಮಂಜಂಗೆ ಮುದ್ದೆ ಇಲ್ದಿದ್ರೆ ಓದು ಹತ್ತಲ್ಲ ಅಂತ ಅವನ ಹೆಂಡತಿ ಶಮೀಮ ನಿನ್ನ ಜಯಮ್ಮನ ಹತ್ರ ಮುದ್ದೆ ತಿರುವೋದು ಕಲಿತ್ಲು. ಪಾಸಾದ ದಿನ ಮಂಜ ಮೊದಲು ಓಡಿದ್ದು 'ಖಲೀಲ್ ಮಾಮ' ಅಂತ ಅವರ ಮನೆಗೇ.

ಈಗ ಮಂಜ ಬಿಡದಿ ಕಡೆ ಫ್ಯಾಕ್ಟರಿಗೆ ಹೋಗ್ತಾನೆ. ಮಿಕ್ಕ ಹೊತ್ತೆಲ್ಲಾ ದೇಶ ಕಾಯ್ತಾನೆ. ಮೊದಲು ಮನೆಮನೆಗೆ ಬಾವುಟ ಹಂಚಿದ. ನಾನೂ ಖುಷಿಯಿಂದ ಕಟ್ಟಿದೆ, ಸುಳ್ಯಾಕೆ ಹೇಳ್ಲಿ? ಆಮೇಲೆ ಯಾರ ಮನೇಲಿ ಕಟ್ಟಿಲ್ಲ ಅಂತ ಪಟ್ಟಿ ಮಾಡಿದ್ರು. ಆಮೇಲೆ ನಿಮ್ಮ ಗೂಡು ಯಾರಿಗೆ ಮಾರ್ತಿದ್ದೀರಿ ಯೋಚ್ನೆ ಮಾಡಿ ಅಂತ ಎಲ್ರ ಫೋನಿಗೂ ಮೆಸೇಜು ಬಂತು. ಒಂದೊಂದು ಸಲಾನೂ ನಾನು, ಬಿಸಿರಕ್ತ, ಸರಿ ಹೋಗ್ತಾರೆ ಅಂದ್ಕೊಂಡು ಸುಮ್ನಾದೆ. ಸುಮ್ನಿರೋದು ಎಷ್ಟು ಬೇಗ ರೂಢಿ ಆಗ್ಬುಡ್ತದೆ ಗೊತ್ತಾ?

ಆಗಸ್ಟಲ್ಲಿ ಸರ್ಕಲ್ಲಲ್ಲಿ ದೊಡ್ಡ ಫ್ಲೆಕ್ಸು ಎದ್ದಿತು. ಯೂನಿಫಾರಮ್ಮಲ್ಲಿ ನೀನು, ಪಕ್ಕದಲ್ಲಿ ಕೈ ಮುಗಿದುಕೊಂಡು ಮಂಜ. 'ಅಪ್ಪ ಗಡಿ ಕಾಯ್ದ, ಮಗ ಊರು ಕಾಯ್ತಾನೆ.' ಯಾರಿಂದ ಕಾಯ್ತಾನೆ ಅಂತ ಒಬ್ಬರೂ ಕೇಳ್ಲಿಲ್ಲ. ಹದಿನೈದನೇ ತಾರೀಖು ಬೆಳಗ್ಗೆ ಬೈಕ್ ರ‍್ಯಾಲಿ. 'ದೊಡ್ಡಪ್ಪ, ಹತ್ತಿ' ಅಂದ ಮಂಜ, ಹತ್ತಿದೆ. ಕೈಗೊಂದು ಬಾವುಟ ಕೊಟ್ರು.

ಬೈಕುಗಳು ರಾಮನಗರಕ್ಕೆ ಹೋಗಿ ನಿಂತಿದ್ದು ಖಲೀಲನ ಶೆಡ್ಡಿನ ಮುಂದೆ. ಅವನೂ ಬಾವುಟ ಕಟ್ಟಿದ್ದ ಕಣ್ಲಾ. ಬಾಯ್ಲರ್ ಹೊಗೆಗೆ ಅದು ಕಪ್ಪಾಗಿತ್ತು. ಅಷ್ಟೇ ಸಾಕಾಯ್ತು. 'ಏಯ್, ಬಾವುಟಕ್ಕೆ ಮಸಿ ಬಳೀತೀಯೇನ್ಲಾ?' ಅಂದ ಮಂಜ. ಮಾಮ ಅಂತಿದ್ದ ಬಾಯಿ.

ಖಲೀಲ ಮೊದಲು ನಕ್ಕ. ತಮಾಷೆ ಅಂದ್ಕೊಂಡ. 'ಬಾಯ್ಲರ್ ಐತಲ್ಲಪ್ಪಾ ಮಂಜು, ಹೊಗೆ ಹಿಡೀತದೆ. ಹೊಸದು ಕಟ್ತೀನಿ, ಬಾ, ಟೀ ಕುಡಿ' ಅಂದ. ಹುಡುಗರು ಶೆಡ್ಡಿನೊಳಕ್ಕೇ ನುಗ್ಗಿ, ಮಂಡಿಯೂರಿ ಜೈಕಾರ ಹಾಕು ಅಂದ್ರು. 'ಜೈಕಾರ ನಿಂತ್ಕೊಂಡೇ ಹಾಕ್ತೀನಿ. ಮಂಡಿ ಯಾಕೆ ಊರ್ಲಿ?' ಅಂದ. ಮಂಜ ಎದೆಗೆ ಕೈ ಹಾಕಿ ನೂಕಿದ. ಹಿಂದೆ ಗೂಡು ಬೇಯೋ ನೀರಿನ ತೊಟ್ಟಿ. ಖಲೀಲನ ಬಲಗೈ ಮೊಣಕೈವರೆಗೂ ಒಳಕ್ಕೆ ಹೋಯ್ತು. ಆ ಕೂಗು...

ವಿಡಿಯೋ ಮಾಡ್ತಿದ್ದೋರು ನಿಲ್ಲಿಸಲಿಲ್ಲ.

ಪೊಲೀಸರು ಕೇಳಿದಾಗ, 'ನಾನು ಹಿಂದೆ ಇದ್ದೆ ಸಾರ್, ಏನೂ ಕಾಣ್ಲಿಲ್ಲ' ಅಂದೆ. ಎಲ್ರೂ ಅದನ್ನೇ ಅಂದ್ರು. ಅವನೇ ಕಾಲು ಜಾರಿ ಬಿದ್ದ ಅಂತ ಬರ್ಕೊಂಡ್ರು. ಬಾವುಟಕ್ಕೆ ಅವಮಾನ ಮಾಡ್ದ ಅಂತ ಅವನ ಮೇಲೇ ಕೇಸು. ಬೆರಳು ಮಡಚೋಕಾಗಲ್ಲ ಈಗ ಅವನಿಗೆ. ನೂಲಿನ ಎಳೆ ಹಿಡಿಯೋ ಬೆರಳು ಕಣೋ ಅವು.

ಮೂರು ದಿನ ಆದ್ಮೇಲೆ ಜಯಮ್ಮ ಮಟಮಟ ಮಧ್ಯಾಹ್ನ ಕುಡುಗೋಲು ಹಿಡ್ಕೊಂಡು ಸರ್ಕಲ್ಲಿಗೆ ಹೋದ್ಲು. ಸ್ಟೂಲು ಹಾಕ್ಕೊಂಡು ಹತ್ತಿ ಫ್ಲೆಕ್ಸಿಂದ ನಿನ್ನ ಚಿತ್ರ ಕುಯ್ದು ತೆಗೆದ್ಲು. ಮಂಜ ಓಡಿ ಬಂದು 'ಅವ್ವಾ, ಮರ್ಯಾದೆ ಕಳೀಬ್ಯಾಡ' ಅಂದ. 'ನಿಂದು ನಿನಗೇ ಇರ್ಲಿ ಕಣಪ್ಪ, ನನ್ನ ಗಂಡನ್ನ ಮಾತ್ರ ಕರ್ಕೊಂಡು ಹೋಗ್ತಿದ್ದೀನಿ' ಅಂದ್ಲು. ಅವಳು ಸುತ್ತಿ ಕಂಕುಳಲ್ಲಿಟ್ಕೊಂಡು ನಡೆದು ಹೋಗೋವಾಗ ಇಡೀ ಬೀದಿ ನೋಡ್ತು. ನಾನೂ ನೋಡ್ದೆ. ನನ್ನ ಮುಂದೆ ಒಂದು ಗಳಿಗೆ ನಿಂತು, 'ನಿಮಗೂ ಕಾಣ್ಲಿಲ್ವಂತಲ್ಲ, ಬಾವ?' ಅಂದ್ಲು.

ಕಂಡಿತ್ತು ಶಿವಲಿಂಗ. ಅವತ್ತು ನಾನು ಹಿಂದೆ ಇರ್ಲಿಲ್ಲ. ಶೆಡ್ಡಿನ ಬಾಗಿಲಲ್ಲೇ ಇದ್ದೆ. ಗಂಡನ ಕೂಗು ಕೇಳಿ ಶಮೀಮ ಹೊರಗಿಂದ ಓಡಿ ಬಂದ್ಲು, 'ಅಣ್ಣಾ, ಬಿಡಣ್ಣಾ' ಅಂತ ನನ್ನ ತೋಳು ಎಳೆದ್ಲು. ಬಾವುಟದ ಕೋಲು ಅಡ್ಡ ಹಿಡ್ಕೊಂಡು ನಾನು ಅಲ್ಲಾಡಲಿಲ್ಲ. ಭಯಕ್ಕೋ, ಜೊತೇಲಿದ್ದೋರ ಮುಖ ನೋಡಿಯೋ, ಇಲ್ಲಾ ಒಳಗೆಲ್ಲೋ ನಂಗೂ ಒಸಿ... ಬಿಡು.

ನಿನ್ನೆ ಸ್ಟೇಷನ್ನಿಗೆ ಹೋಗಿ, ಮೊದಲು ಹೇಳಿದ್ದು ಸುಳ್ಳು, ಬೇರೆ ಹೇಳಿಕೆ ಬರ್ಕೊಳ್ಳಿ ಅಂದೆ. 'ಯಜಮಾನ್ರೇ, ಮನೆಗೋಗಿ' ಅಂದ್ರು. ಹೋಗ್ಲಿಲ್ಲ. ಸಂಜೆವರೆಗೂ ಬೆಂಚ್ ಮೇಲೆ ಕೂತೆ. ಕೊನೆಗೆ ಬರ್ಕೊಂಡ್ರು. ನೂಕಿದೋನು ಯಾರು ಅಂತ ಕೇಳಿದ್ರು. ನಿನ್ನ ಮಗನ ಹೆಸರು ಹೇಳಿದೆ. ಬಾಗಿಲಿಗೆ ಅಡ್ಡ ನಿಂತಿದ್ದೋನು ಯಾರು ಅಂತ ಅವರು ಕೇಳ್ಲಿಲ್ಲ. ಅದನ್ನೂ ಬರ್ಕೊಳ್ಳಿ ಅಂತ ನನ್ನ ಹೆಸರು ಹೇಳಿ, ಓದಿಸಿ ಕೇಳಿ, ಸೈನು ಹಾಕಿ ಬಂದೆ.

ನಿನ್ನ,
ಪುಟ್ಟಸ್ವಾಮಿ